ನವಜಾತ ಶಿಶುವಿಗೆ ಸೂಕ್ತ ಹೊದಿಕೆಯ ಆಯ್ಕೆ – ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಕುಟುಂಬಗಳಿಗೆ ಮಾಹಿತಿ

ಪೀಠಿಕೆ

ಜನನದಿಂದ 28 ದಿನಗಳವರೆಗಿನ ಮಗುವನ್ನು ನವಜಾತ ಶಿಶು ಎಂದು ಕರೆಯಲಾಗುತ್ತದೆ. ಈ ಅವಧಿಯಲ್ಲಿ ಶಿಶುವಿಗೆ ಎದುರಾಗುವ ಅಪಾಯಗಳಲ್ಲಿ ದೇಹದ ಉಷ್ಣತೆಯ ಕುಸಿತವು ಪ್ರಮುಖವಾದುದು. ಸರಿಯಾದ ಹೊದಿಕೆ, ತಾಯಿಯ ಮೈಶಾಖ ಮತ್ತು ಎದೆಹಾಲು ಎಂಬ ಮೂರು ಸರಳ ಕ್ರಮಗಳಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದಾಗಿದೆ. ಆದರೆ ಹೊದಿಕೆ ದಪ್ಪವಾಗಿದ್ದಷ್ಟೂ ಮಗುವಿಗೆ ಒಳ್ಳೆಯದು ಎಂಬ ನಂಬಿಕೆ ಸರಿಯಲ್ಲ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಂತಹ ಬೆಚ್ಚನೆಯ, ತೇವಭರಿತ ಹವೆಯಲ್ಲಿ ಅತಿಯಾದ ಹೊದಿಕೆಯೂ ಶಿಶುವಿಗೆ ಹಾನಿಕರವಾಗಬಲ್ಲದು. ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಗರ್ಭಿಣಿಯರು, ಬಾಣಂತಿಯರು ಹಾಗೂ ಬಾಣಂತನ ನೋಡಿಕೊಳ್ಳುವ ಹಿರಿಯರ ಅನುಕೂಲಕ್ಕಾಗಿ ಈ ವಿಷಯದ ಮುಖ್ಯ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ನವಜಾತ ಶಿಶು ಬೇಗನೆ ತಣ್ಣಗಾಗುವುದೇಕೆ?

ತಾಯಿಯ ಗರ್ಭದಲ್ಲಿ ಶಿಶುವು ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಳೆದಿರುತ್ತದೆ. ಹುಟ್ಟಿದ ಕ್ಷಣದಲ್ಲಿ ಅದರ ಮೈ ಒದ್ದೆಯಾಗಿರುತ್ತದೆ. ಮೈಮೇಲಿನ ನೀರು ಆವಿಯಾಗುವಾಗ ದೇಹದ ಶಾಖವನ್ನೂ ಕೊಂಡೊಯ್ಯುತ್ತದೆ. ಮಗುವನ್ನು ಒರೆಸದೆ, ಮುಚ್ಚದೆ ಬಿಟ್ಟಲ್ಲಿ ಮೊದಲ 10ರಿಂದ 20 ನಿಮಿಷಗಳಲ್ಲಿಯೇ ದೇಹದ ಉಷ್ಣತೆಯು 2ರಿಂದ 4 ಡಿಗ್ರಿಗಳಷ್ಟು ಇಳಿಯಬಹುದು.

ಶಿಶುವಿನ ತೂಕಕ್ಕೆ ಹೋಲಿಸಿದಲ್ಲಿ ಅದರ ಚರ್ಮದ ವಿಸ್ತಾರ ಹೆಚ್ಚು. ಅದರಲ್ಲಿಯೂ ತಲೆಯ ಪಾಲು ದೊಡ್ಡದು. ದೊಡ್ಡವರು ಚಳಿಯಾದಾಗ ನಡುಗಿ ಶಾಖ ಉತ್ಪಾದಿಸುತ್ತಾರೆ. ನವಜಾತ ಶಿಶುವಿಗೆ ಆ ಶಕ್ತಿ ಇರುವುದಿಲ್ಲ. ಅದು ತನ್ನ ಕುತ್ತಿಗೆ, ಬೆನ್ನು ಮತ್ತು ಭುಜಗಳ ಸುತ್ತ ಶೇಖರವಾಗಿರುವ ಕಂದು ಕೊಬ್ಬನ್ನು ಕರಗಿಸಿ ಶಾಖ ಪಡೆಯುತ್ತದೆ. ಅವಧಿಗೆ ಮುನ್ನ ಹುಟ್ಟಿದ ಹಾಗೂ ಕಡಿಮೆ ತೂಕದ ಶಿಶುಗಳಲ್ಲಿ ಈ ಕೊಬ್ಬು ಅಲ್ಪವಾಗಿರುವುದರಿಂದ ಅವು ಇನ್ನೂ ಬೇಗನೆ ತಣ್ಣಗಾಗುತ್ತವೆ.

ಶಿಶುವಿನ ದೇಹದ ಸಹಜ ಉಷ್ಣತೆಯು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. ವಿಶ್ವ ಆರೋಗ್ಯ ಸಂಸ್ಥೆಯು ಉಷ್ಣತೆಯ ಕುಸಿತವನ್ನು ಈ ಕೆಳಕಂಡಂತೆ ವಿಂಗಡಿಸಿದೆ.

- 36.0ರಿಂದ 36.4 ಡಿಗ್ರಿ: ಚಳಿಯ ಒತ್ತಡ
- 32.0ರಿಂದ 35.9 ಡಿಗ್ರಿ: ಮಧ್ಯಮ ಪ್ರಮಾಣದ ಕುಸಿತ
- 32 ಡಿಗ್ರಿಗಿಂತ ಕಡಿಮೆ: ತೀವ್ರ ಕುಸಿತ

ತಣ್ಣಗಾದ ಶಿಶುವು ಹಾಲು ಚೀಪುವುದನ್ನು ಕಡಿಮೆ ಮಾಡುತ್ತದೆ. ಹಾಲು ಕಡಿಮೆಯಾದಂತೆ ರಕ್ತದಲ್ಲಿನ ಸಕ್ಕರೆಯ ಅಂಶ ಇಳಿಯುತ್ತದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ. ತಕ್ಷಣ ಬೆಚ್ಚಗೆ ಮಾಡದಿದ್ದಲ್ಲಿ ಜೀವಕ್ಕೆ ಅಪಾಯವಾಗಬಹುದು.

ಕರಾವಳಿಯ ಹವಾಮಾನ ಮತ್ತು ಹೊದಿಕೆ

ತಾಯಿ ಮತ್ತು ಶಿಶು ಇರುವ ಕೋಣೆಯ ಉಷ್ಣತೆಯು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಈ ಮೂರು ತಾಲ್ಲೂಕುಗಳ ಮನೆಗಳಲ್ಲಿ ವರ್ಷದ ಬಹುಪಾಲು ದಿನಗಳಲ್ಲಿ ಈ ಉಷ್ಣತೆ ಸಹಜವಾಗಿಯೇ ಇರುತ್ತದೆ. ಆದ್ದರಿಂದ ಇಲ್ಲಿ ಶಿಶುವನ್ನು ತಣ್ಣಗಾಗಿಸುವುದು ಚಳಿಗಿಂತ ಹೆಚ್ಚಾಗಿ ಒದ್ದೆ ಬಟ್ಟೆ, ಸ್ನಾನದ ನಂತರ ಆರದ ಮೈ, ಮಳೆಗಾಲದ ಥಂಡಿ ಗಾಳಿ ಮತ್ತು ಫ್ಯಾನಿನ ನೇರ ಗಾಳಿ.

ಮಳೆಗಾಲ (ಜೂನ್‌ನಿಂದ ಸೆಪ್ಟೆಂಬರ್): ಈ ಕರಾವಳಿಯ ವಾರ್ಷಿಕ ಮಳೆ 3,000 ಮಿ.ಮೀ. ಮೀರುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದು ಬಟ್ಟೆಗಳು ದಿನಗಟ್ಟಲೆ ಒಣಗುವುದಿಲ್ಲ. ಈ ಕಾಲದಲ್ಲಿ ಒಂದು ದಪ್ಪ ಹೊದಿಕೆಗಿಂತ ಬೇಗ ಒಣಗುವ ನಾಲ್ಕಾರು ತೆಳು ಹೊದಿಕೆಗಳು ಹೆಚ್ಚು ಉಪಯುಕ್ತ.

ಚಳಿಗಾಲ (ಡಿಸೆಂಬರ್‌ನಿಂದ ಫೆಬ್ರವರಿ): ಹಗಲು ಬೆಚ್ಚಗಿದ್ದು ಬೆಳಗಿನ ಜಾವ ಉಷ್ಣತೆಯು ಸುಮಾರು 20 ಡಿಗ್ರಿಗೆ ಇಳಿಯುತ್ತದೆ. ಗೇರುಸೊಪ್ಪ, ಹಾಡವಳ್ಳಿ, ಸಂತೆಗುಳಿ ಮೊದಲಾದ ಘಟ್ಟದ ಬುಡದ ಊರುಗಳಲ್ಲಿ ರಾತ್ರಿಯ ಚಳಿ ಕಡಲಂಚಿಗಿಂತ ಹೆಚ್ಚು. ರಾತ್ರಿಯ ವೇಳೆ ಒಂದು ಪದರ ಹೆಚ್ಚಿಸಿ, ಬಿಸಿಲೇರಿದಂತೆ ಅದನ್ನು ತೆಗೆಯಬೇಕು.

ಬೇಸಿಗೆ (ಮಾರ್ಚ್‌ನಿಂದ ಮೇ): ಸೆಕೆ ಮತ್ತು ಬೆವರು ಹೆಚ್ಚು. ತೆಳುವಾದ ಒಂದು ಹತ್ತಿ ಅಂಗಿ ಮತ್ತು ಒಂದು ಪದರದ ತೆಳು ಹತ್ತಿ ಬಟ್ಟೆ ಸಾಕಾಗುತ್ತದೆ. ಈ ಕಾಲದಲ್ಲಿ ಉಣ್ಣೆಯ ಟೋಪಿ, ಸ್ವೆಟರ್ ಹಾಗೂ ದಪ್ಪ ಹೊದಿಕೆಗಳನ್ನು ಒಟ್ಟಿಗೆ ಬಳಸಬಾರದು.

ಸಾಮಾನ್ಯ ನಿಯಮವೆಂದರೆ, ಅದೇ ಕೋಣೆಯಲ್ಲಿ ದೊಡ್ಡವರಿಗೆ ಹಿತವೆನಿಸುವ ಉಡುಪಿಗಿಂತ ಒಂದು ಪದರ ಹೆಚ್ಚು ಮತ್ತು ತಲೆಗೆ ಒಂದು ಟೋಪಿ.

ಬಟ್ಟೆಯ ಬಗೆಗಳು

1. ತೆಳು ಹತ್ತಿ ಬಟ್ಟೆ: ಮಲ್ ಬಟ್ಟೆ, ಪಾಣಿಪಂಚೆ, ಬಳಸಿ ಮೆತ್ತಗಾದ ಹತ್ತಿ ಸೀರೆ ಮತ್ತು ಪಂಚೆ ಈ ಗುಂಪಿಗೆ ಸೇರುತ್ತವೆ. ಇವು ಬೆವರನ್ನು ಹೀರುತ್ತವೆ, ಗಾಳಿಯಾಡಲು ಬಿಡುತ್ತವೆ, ಕುದಿಯುವ ನೀರಿನಲ್ಲಿ ಒಗೆಯಲು ಬರುತ್ತವೆ ಹಾಗೂ ಬೇಗ ಒಣಗುತ್ತವೆ. ಕರಾವಳಿಗೆ ಇವೇ ಅತ್ಯಂತ ಸೂಕ್ತ. ಮಗುವಿಗೆ ಮೊದಲ ದಿನಗಳಲ್ಲಿ ಹಳೆಯ ಮೆತ್ತನೆಯ ಬಟ್ಟೆಯನ್ನೇ ಬಳಸುವ ಹಿರಿಯರ ರೂಢಿಯಲ್ಲಿ ಅರ್ಥವಿದೆ. ಆದರೆ ಅದನ್ನು ಮೊದಲು ಒಗೆದು, ಬಿಸಿಲಿನಲ್ಲಿ ಒಣಗಿಸಿರಬೇಕು. ಜರಿ ಮತ್ತು ಅಂಚಿನ ಗಟ್ಟಿ ಭಾಗವನ್ನು ಕತ್ತರಿಸಿ ತೆಗೆದಿರಬೇಕು.

2. ಫ್ಲಾನೆಲ್ ಮತ್ತು ಟರ್ಕಿ ಬಟ್ಟೆ: ಹತ್ತಿಯ ನೂಲಿನಿಂದಲೇ ತಯಾರಾದ ಇವುಗಳಿಗೆ ಮೇಲ್ಮೈಯಲ್ಲಿ ನವಿರಾದ ಎಳೆಗಳಿರುತ್ತವೆ. ಚಳಿಗಾಲದ ರಾತ್ರಿಗೆ ಹಾಗೂ ಸ್ನಾನದ ನಂತರ ಮೈ ಒರೆಸಿ ಸುತ್ತಲು ಅನುಕೂಲಕರ. ಒಣಗಲು ಹೆಚ್ಚು ಸಮಯ ತೆಗೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಹೆಚ್ಚುವರಿಯಾಗಿ ಒಂದೆರಡು ಇರಿಸಿಕೊಳ್ಳುವುದು ಒಳಿತು.

3. ಕೌದಿ: ಹಳೆಯ ಬಟ್ಟೆಯ ತುಂಡುಗಳನ್ನು ಪದರಗಳಾಗಿ ಜೋಡಿಸಿ ಕೈಹೊಲಿಗೆ ಹಾಕಿದ ಕೌದಿಯು ಕರ್ನಾಟಕದ ಮನೆಗಳ ಹಳೆಯ ಸಂಪತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಮತ್ತು ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ತೊಟ್ಟಿಲ ಮಕ್ಕಳಿಗಾಗಿಯೇ ಸಣ್ಣ ಅಳತೆಯ ಕೌದಿಗಳನ್ನು ಹೊಲಿಯುತ್ತಾರೆ. ಕೌದಿಯನ್ನು ಮಗುವಿನ ಅಡಿಗೆ ಹಾಸಲು ಬಳಸುವುದು ಉತ್ತಮ. ಪದರಗಳು ಹೆಚ್ಚಿರುವುದರಿಂದ ಮೇಲೆ ಹೊದಿಸಿದಲ್ಲಿ ಭಾರವಾಗುತ್ತದೆ. ಒಳಪದರದಲ್ಲಿ ತೇವ ಉಳಿಯದಂತೆ ನೋಡಿಕೊಳ್ಳಬೇಕು.

4. ಉಣ್ಣೆಯ ಕಂಬಳಿ: ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಮೊದಲಾದೆಡೆ ಕೈಮಗ್ಗದಲ್ಲಿ ನೇಯುವ ಕುರಿ ಉಣ್ಣೆಯ ಕಂಬಳಿಯು ಕರಾವಳಿಗೂ ಹೊಸದಲ್ಲ. ಗದ್ದೆ ಕೆಲಸದ ಮಳೆಯಲ್ಲಿ ಅದನ್ನು ಕೊಪ್ಪೆಯಾಗಿ ಹೊದೆಯುವ ರೂಢಿಯಿತ್ತು. ಉಣ್ಣೆ ಸ್ವಲ್ಪ ತೇವವಾದರೂ ಶಾಖವನ್ನು ಕಾಯ್ದುಕೊಳ್ಳುತ್ತದೆ. ಆದರೆ ದಕ್ಖನ್ ಕುರಿಯ ಉಣ್ಣೆಯ ಎಳೆ ಒರಟಾದುದರಿಂದ ಶಿಶುವಿನ ಎಳೆಯ ಚರ್ಮ ಕೆಂಪಾಗಬಹುದು. ಇದನ್ನು ಚಾಪೆಯ ಮೇಲೆ ಹಾಸಿ, ಅದರ ಮೇಲೆ ಹತ್ತಿ ಬಟ್ಟೆ ಹಾಸಬಹುದು. ಮಗುವಿನ ಮೈಗೆ ನೇರವಾಗಿ ತಾಗಿಸಬಾರದು.

5. ಕೃತಕ ನೂಲಿನ ಹೊದಿಕೆ: ಪಾಲಿಯೆಸ್ಟರ್, ಅಕ್ರಿಲಿಕ್ ಮತ್ತು ಫ್ಲೀಸ್ ಹೊದಿಕೆಗಳು ನೋಡಲು ಅಂದ, ಮುಟ್ಟಲು ನುಣುಪು. ಭಟ್ಕಳ ಮತ್ತು ಸುತ್ತಲಿನ ಅನೇಕ ಕುಟುಂಬಗಳಿಗೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಬಂಧುಗಳಿಂದ ದಪ್ಪ ಮಿಂಕ್ ಹೊದಿಕೆಗಳು ಉಡುಗೊರೆಯಾಗಿ ಬರುತ್ತವೆ. ಹವಾನಿಯಂತ್ರಿತ ಕೊಠಡಿಯಲ್ಲಿ ಮಲಗುವ ದೊಡ್ಡವರಿಗೆ ಹಿತವಾದ ಈ ಹೊದಿಕೆಯು ಕರಾವಳಿಯ ಸಾಮಾನ್ಯ ಕೋಣೆಯಲ್ಲಿ ನವಜಾತ ಶಿಶುವಿಗೆ ತಕ್ಕುದಲ್ಲ. ಇವು ಬೆವರನ್ನು ಹೀರುವುದಿಲ್ಲ. ಮಗು ಒಳಗೆ ಬೆವರಿ ಒದ್ದೆಯಾಗುತ್ತದೆ. ಭಾರದಿಂದ ಮಗುವಿನ ಮುಖದ ಮೇಲೆ ಜಾರಿದಲ್ಲಿ ಉಸಿರು ಕಟ್ಟಬಹುದು. ಬೆಂಕಿಯ ಸಮೀಪ ಈ ನೂಲು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಇಂತಹ ಉಡುಗೊರೆಯನ್ನು ಮಗು ದೊಡ್ಡದಾದ ನಂತರದ ಬಳಕೆಗೆ ತೆಗೆದಿರಿಸುವುದು ಸೂಕ್ತ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

- ಅಳತೆ: 75ರಿಂದ 100 ಸೆಂ.ಮೀ. ಚೌಕಾಕಾರದ ಬಟ್ಟೆ ನವಜಾತ ಶಿಶುವನ್ನು ಸುತ್ತಲು ಸಾಕು. ದೊಡ್ಡ ಹೊದಿಕೆಯನ್ನು ಮಡಿಸಿದಲ್ಲಿ ಪದರಗಳು ಹೆಚ್ಚಿ ಸೆಕೆಯಾಗುತ್ತದೆ.
- ಸಂಖ್ಯೆ: ಮಳೆಗಾಲದಲ್ಲಿ ಹೆರಿಗೆ ನಿರೀಕ್ಷೆಯಿದ್ದಲ್ಲಿ ತೆಳು ಹತ್ತಿ ಹೊದಿಕೆಗಳು 6ರಿಂದ 8, ಫ್ಲಾನೆಲ್ 2, ಇತರ ಕಾಲದಲ್ಲಿ ಹತ್ತಿಯವು 4ರಿಂದ 5, ಫ್ಲಾನೆಲ್ 1.
- ನೇಯ್ಗೆ: ಬೆಳಕಿಗೆ ಹಿಡಿದಾಗ ನೇಯ್ಗೆ ಒತ್ತಾಗಿ ಕಾಣಬೇಕು. ದೊಡ್ಡ ರಂಧ್ರಗಳಿರುವ ಹೆಣಿಗೆಯಲ್ಲಿ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಸಡಿಲವಾದ ಒಂದು ನೂಲು ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸಬಹುದು.
- ಅಲಂಕಾರ: ಗುಂಡಿ, ಮಣಿ, ಲೇಸು, ದಾರ, ರಿಬ್ಬನ್ ಮತ್ತು ಪಿನ್ನುಗಳಿರುವ ಹೊದಿಕೆ ಬೇಡ.
- ಬಣ್ಣ: ತಿಳಿ ಬಣ್ಣದ ಬಟ್ಟೆಯಲ್ಲಿ ಮಲ, ಮೂತ್ರ, ರಕ್ತ ಮತ್ತು ಬೂಷ್ಟು ತಕ್ಷಣ ಕಾಣುತ್ತವೆ. ಬಣ್ಣ ಬಿಡುವ ಬಟ್ಟೆಯನ್ನು ಬಳಸಬಾರದು.
- ಟಾಗ್ ಅಂಕಿ: ಮಕ್ಕಳ ಕೆಲವು ಹೊದಿಕೆ ಹಾಗೂ ಮಲಗುವ ಚೀಲಗಳ ಮೇಲೆ ಟಾಗ್ ಎಂಬ ಅಂಕಿ ಮುದ್ರಿತವಾಗಿರುತ್ತದೆ. ಅದು ಶಾಖವನ್ನು ತಡೆಹಿಡಿಯುವ ಸಾಮರ್ಥ್ಯದ ಅಳತೆ. 0.5 ಟಾಗ್ ಬೇಸಿಗೆಗೆ, 1.0 ಟಾಗ್ ಸಾಧಾರಣ ಹವೆಗೆ, 2.5 ಟಾಗ್ ಚಳಿಯ ಪ್ರದೇಶಗಳಿಗೆ ಉದ್ದೇಶಿತ. ಕರಾವಳಿಗೆ 2.5 ಟಾಗ್‌ನ ಅಗತ್ಯವಿಲ್ಲ.

ಬೆಲೆಯು ಗುಣಮಟ್ಟದ ಅಳತೆಯಲ್ಲ. ಮನೆಯಲ್ಲಿರುವ ಎರಡು ಹಳೆಯ ಹತ್ತಿ ಸೀರೆಗಳಿಂದ ಒಂದು ಮಗುವಿಗೆ ಬೇಕಾಗುವ ಎಲ್ಲಾ ತೆಳು ಹೊದಿಕೆಗಳನ್ನು ಸಿದ್ಧಪಡಿಸಬಹುದು.

ಮಗುವನ್ನು ಸುತ್ತುವ ವಿಧಾನ

ಹುಟ್ಟಿದ ಕೂಡಲೇ ಮಗುವನ್ನು ಒಂದು ಒಣ ಬಟ್ಟೆಯಿಂದ ಒರೆಸಿ, ಆ ಒದ್ದೆ ಬಟ್ಟೆಯನ್ನು ತೆಗೆದು, ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಎರಡನೆಯ ಒಣ ಬಟ್ಟೆಯನ್ನು ಮೇಲೆ ಹೊದಿಸಬೇಕು. ಆದ್ದರಿಂದ ಹೆರಿಗೆಗೆ ಹೋಗುವಾಗ ಕನಿಷ್ಠ ಎರಡು ಒಗೆದ ಬಟ್ಟೆಗಳು ಮತ್ತು ಒಂದು ಟೋಪಿ ಚೀಲದಲ್ಲಿ ಇರತಕ್ಕದ್ದು. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆಗಳ ಕಾಲ ಮುಂದೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರ ಮಾರ್ಗಸೂಚಿಯಲ್ಲಿ ತಿಳಿಸಿದೆ.

ಅನಂತರದ ದಿನಗಳಲ್ಲಿ ಸುತ್ತುವ ಕ್ರಮ:

1. ಚೌಕಾಕಾರದ ಬಟ್ಟೆಯನ್ನು ಮೂಲೆ ಮೇಲಕ್ಕೆ ಬರುವಂತೆ ಹಾಸಿ, ಮೇಲಿನ ಮೂಲೆಯನ್ನು ಒಳಕ್ಕೆ ಮಡಿಸಬೇಕು.
2. ಮಡಿಕೆಯ ಮಟ್ಟಕ್ಕೆ ಮಗುವಿನ ಭುಜಗಳು ಬರುವಂತೆ ಅಂಗಾತ ಮಲಗಿಸಬೇಕು.
3. ಒಂದು ಬದಿಯನ್ನು ಎದೆಯ ಮೇಲೆ ತಂದು ಇನ್ನೊಂದು ಬದಿಗೆ ಸೇರಿಸಬೇಕು.
4. ಕೆಳಗಿನ ಮೂಲೆಯನ್ನು ಸಡಿಲವಾಗಿ ಮೇಲಕ್ಕೆ ಮಡಿಸಬೇಕು.
5. ಇನ್ನೊಂದು ಬದಿಯನ್ನು ಸುತ್ತಿ ಬೆನ್ನಿನ ಅಡಿಗೆ ಸೇರಿಸಬೇಕು.

ಎದೆ ಮತ್ತು ಬಟ್ಟೆಯ ನಡುವೆ ದೊಡ್ಡವರ ಎರಡು ಬೆರಳು ಆಡುವಷ್ಟು ಸಡಿಲವಿರಬೇಕು. ಕಾಲುಗಳನ್ನು ನೇರವಾಗಿ ಎಳೆದು ಬಿಗಿಯಾಗಿ ಕಟ್ಟುವುದರಿಂದ ಸೊಂಟದ ಕೀಲು ಜಾರುವ ಸಂಭವವಿದೆ. ಮೊಣಕಾಲು ಮಡಚಿ ಅಗಲಿಸಲು ಮಗುವಿಗೆ ಅವಕಾಶವಿರಬೇಕು. ಮಗು ಮಗ್ಗುಲಾಗಲು ಯತ್ನಿಸಿದ ದಿನದಿಂದ ಸುತ್ತುವುದನ್ನು ನಿಲ್ಲಿಸಬೇಕು.

ನಿದ್ರೆಯ ಸಮಯದ ಎಚ್ಚರಿಕೆ

ಹೊದಿಕೆಯಿಂದ ಮಗುವಿನ ಮೂಗು, ಬಾಯಿ ಮುಚ್ಚುವುದು ಮತ್ತು ಅತಿಯಾದ ಸೆಕೆ, ಇವೆರಡೂ ನಿದ್ರೆಯಲ್ಲಿನ ಹಠಾತ್ ಮರಣಕ್ಕೆ ಸಂಬಂಧಿಸಿದ ಅಂಶಗಳು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2022ರಲ್ಲಿ ಪರಿಷ್ಕರಿಸಿದ ಸಲಹೆಯಂತೆ, ಒಂದು ವರ್ಷದೊಳಗಿನ ಮಗು ಮಲಗುವ ಸ್ಥಳದಲ್ಲಿ ಸಡಿಲ ಹೊದಿಕೆ, ದಿಂಬು ಮತ್ತು ಮೆತ್ತನೆಯ ಆಟಿಕೆ ಇರಬಾರದು; ಭಾರ ತುಂಬಿದ ಹೊದಿಕೆಗಳನ್ನು ಬಳಸಲೇಬಾರದು.

- ಮಗುವನ್ನು ಸದಾ ಅಂಗಾತವಾಗಿ ಮಲಗಿಸಬೇಕು.
- ಮಲಗಿದಾಗ ಸಡಿಲ ಹೊದಿಕೆಗಿಂತ ಮೈಗೆ ಹೊಂದುವ ಹತ್ತಿ ಅಂಗಿ ಮತ್ತು ಕಾಲು ಮುಚ್ಚುವ ಉಡುಪು ಮೇಲು. ಹೊದಿಕೆ ಅನಿವಾರ್ಯವಾದಲ್ಲಿ ತೆಳುವಾದುದನ್ನು ಎದೆಯ ಮಟ್ಟದವರೆಗೆ ಮಾತ್ರ ಹೊದಿಸಿ, ಅಂಚುಗಳನ್ನು ಹಾಸಿಗೆಯ ಅಡಿಗೆ ಸೇರಿಸಬೇಕು.
- ಸೊಳ್ಳೆ ಕಚ್ಚದಿರಲೆಂದು ಮುಖದ ಮೇಲೆ ಬಟ್ಟೆ ಹಾಕಬಾರದು. ಸೀರೆಯ ಜೋಲಿಯ ಬಾಯಿಯನ್ನು ಹೊದಿಕೆಯಿಂದ ಮುಚ್ಚಬಾರದು. ಇದಕ್ಕೆ ಸೊಳ್ಳೆಪರದೆಯೇ ಸರಿಯಾದ ಪರಿಹಾರ.
- ತಾಯಿಯ ದಪ್ಪ ಹೊದಿಕೆಯನ್ನು ಮಗುವಿನೊಂದಿಗೆ ಹಂಚಿಕೊಳ್ಳಬಾರದು.
- ಮಳೆಯಲ್ಲಿ ಆಟೋ ಅಥವಾ ಬೈಕಿನಲ್ಲಿ ಕರೆದೊಯ್ಯುವಾಗ ಮಗುವಿನ ಮುಖವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬಾರದು.

ಮಳೆಗಾಲದಲ್ಲಿ ಒಗೆಯುವುದು ಮತ್ತು ಒಣಗಿಸುವುದು

ಹೊಸ ಹೊದಿಕೆಯನ್ನು ಬಳಸುವ ಮೊದಲು ಕಡ್ಡಾಯವಾಗಿ ಒಗೆಯಬೇಕು. ಸೌಮ್ಯ ಸಾಬೂನು ಸಾಕು. ಸಾಬೂನಿನ ಅಂಶ ಉಳಿಯದಂತೆ ಎರಡು ಬಾರಿ ಜಾಲಿಸಬೇಕು. ಒಣಗಿದಂತೆ ಕಂಡರೂ ಮುಟ್ಟಿದಾಗ ತಂಪೆನಿಸುವ ಬಟ್ಟೆಯಲ್ಲಿ ತೇವ ಉಳಿದಿರುತ್ತದೆ. ಅಂತಹ ಬಟ್ಟೆಯು ಮಗುವಿನ ಶಾಖವನ್ನು ಹೀರುವುದಲ್ಲದೆ ಬೂಷ್ಟು ಬೆಳೆಯಲು ಆಸ್ಪದ ನೀಡುತ್ತದೆ. ಇಸ್ತ್ರಿಪೆಟ್ಟಿಗೆಯಿಂದ ಎರಡೂ ಬದಿ ಕಾಯಿಸಿ, ತಣಿಸಿ ಬಳಸುವುದು ಉತ್ತಮ ಕ್ರಮ. ಕಪ್ಪು ಚುಕ್ಕೆ ಬಿದ್ದ ಅಥವಾ ಮುಗ್ಗಲು ವಾಸನೆಯ ಹೊದಿಕೆಯನ್ನು ಶಿಶುವಿಗೆ ಹಾಕಬಾರದು.

ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ರೂಢಿ ಈ ಭಾಗದಲ್ಲಿದೆ. ಬಟ್ಟೆ ಬೆಂಕಿಗೆ ಬೀಳದಷ್ಟು ಎತ್ತರದಲ್ಲಿ, ಹೊಗೆ ಹಿಡಿಯದಂತೆ ಒಣಗಿಸಿದಲ್ಲಿ ಅಡ್ಡಿಯಿಲ್ಲ. ಆದರೆ ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುವುದು, ಸಾಂಬ್ರಾಣಿ ಅಥವಾ ಲೋಬಾನದ ಹೊಗೆಯಲ್ಲಿ ಮಗುವನ್ನು ಹಿಡಿಯುವುದು ಅಪಾಯಕರ. ಹೊಗೆಯು ಶಿಶುವಿನ ಶ್ವಾಸಕೋಶಕ್ಕೆ ಹಾನಿಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲವು ವಾಸನೆಯಿಲ್ಲದೆಯೇ ತಾಯಿ ಮಗು ಇಬ್ಬರ ಪ್ರಾಣಕ್ಕೂ ಎರವಾಗಬಲ್ಲದು.

ನುಸಿಗುಳಿಗೆ: ಬಹುಮುಖ್ಯ ಎಚ್ಚರಿಕೆ

ಮಳೆಗಾಲದಲ್ಲಿ ಕಪಾಟು ಮತ್ತು ಪೆಟ್ಟಿಗೆಗಳಲ್ಲಿ ಬಟ್ಟೆಯೊಂದಿಗೆ ನ್ಯಾಫ್ತಲೀನ್ ನುಸಿಗುಳಿಗೆ ಇಡುವುದು ಸಾಮಾನ್ಯ. ಈ ಗುಳಿಗೆಯ ಆವಿ ಹೊದಿಕೆಯ ನೂಲಿನಲ್ಲಿ ಸೇರಿಕೊಂಡು, ಶಿಶುವಿನ ಉಸಿರು ಮತ್ತು ಚರ್ಮದ ಮೂಲಕ ದೇಹವನ್ನು ಪ್ರವೇಶಿಸುತ್ತದೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ಇದರಿಂದ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಉಂಟಾಗುತ್ತದೆ. ಕಾಮಾಲೆಯ ಅಂಶ ಮಿದುಳಿಗೆ ಏರಿದಲ್ಲಿ ಶಾಶ್ವತ ಅಂಗವೈಕಲ್ಯ ಅಥವಾ ಮರಣ ಸಂಭವಿಸಬಹುದು. ಗ್ರೀಸ್ ದೇಶದ ವೈದ್ಯರು 1963ರಲ್ಲಿಯೇ ನವಜಾತ ಶಿಶುಗಳಲ್ಲಿ ಇಂತಹ ಪ್ರಕರಣಗಳನ್ನು ವರದಿ ಮಾಡಿದ್ದಾರೆ. ಈ ಕೊರತೆಯು ಗಂಡುಮಕ್ಕಳಲ್ಲಿ ಹೆಚ್ಚು. ಹೊರನೋಟಕ್ಕೆ ಅದು ತಿಳಿಯುವುದಿಲ್ಲವಾದ್ದರಿಂದ ಎಲ್ಲಾ ಶಿಶುಗಳ ವಿಷಯದಲ್ಲಿಯೂ ಎಚ್ಚರ ವಹಿಸಬೇಕು.

- ಮಗುವಿನ ಬಟ್ಟೆ ಇಡುವ ಜಾಗದಲ್ಲಿ ನುಸಿಗುಳಿಗೆ ಇಡಲೇಬಾರದು.
- ಹಿಂದಿನ ಮಗುವಿನ ಹೊದಿಕೆಯನ್ನು ಗುಳಿಗೆಯೊಂದಿಗೆ ಇಟ್ಟಿದ್ದಲ್ಲಿ ಅದನ್ನು ಈ ಶಿಶುವಿಗೆ ಬಳಸದಿರುವುದೇ ಸುರಕ್ಷಿತ.
- ಬದಲಿಗೆ ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಕಪಾಟಿನಲ್ಲಿ ಇಡಬಹುದು. ಬಿಸಿಲು ಬಂದ ದಿನ ಹೊದಿಕೆಗಳನ್ನು ಹೊರಗೆ ಹರವಬೇಕು.

ಕಡಿಮೆ ತೂಕದ ಶಿಶುಗಳು

ಹುಟ್ಟುವಾಗ 2,500 ಗ್ರಾಂಗಿಂತ ಕಡಿಮೆ ತೂಕವಿರುವ ಶಿಶುವಿಗೆ ಯಾವ ಹೊದಿಕೆಯೂ ತಾಯಿಯ ಎದೆಗೆ ಸಮನಲ್ಲ. ಹೊದಿಕೆಯು ಇರುವ ಶಾಖವನ್ನು ಕಾಯ್ದುಕೊಳ್ಳುತ್ತದೆಯೇ ಹೊರತು ಶಾಖವನ್ನು ಉತ್ಪಾದಿಸುವುದಿಲ್ಲ. ಆಗಲೇ ತಣ್ಣಗಾದ ಮಗುವನ್ನು ಎಷ್ಟು ಹೊದಿಕೆಗಳಲ್ಲಿ ಸುತ್ತಿದರೂ ಅದು ತಾನಾಗಿ ಬೆಚ್ಚಗಾಗುವುದು ಕಷ್ಟ.

ಇದಕ್ಕಾಗಿ ಕಾಂಗರೂ ತಾಯಿ ಆರೈಕೆ ಎಂಬ ವಿಧಾನವಿದೆ. ಕೊಲಂಬಿಯಾ ದೇಶದ ಬೊಗೊಟಾದಲ್ಲಿ 1978ರಲ್ಲಿ ಆರಂಭವಾದ ಈ ವಿಧಾನದಲ್ಲಿ, ಟೋಪಿ ಮತ್ತು ಲಂಗೋಟಿ ಮಾತ್ರ ತೊಡಿಸಿದ ಶಿಶುವನ್ನು ತಾಯಿಯ ಎರಡು ಸ್ತನಗಳ ನಡುವೆ ನೇರವಾಗಿ ಇರಿಸಿ, ಮೇಲಿನಿಂದ ಬಟ್ಟೆ ಕಟ್ಟಿ ಹೊದಿಕೆ ಹೊದಿಸಲಾಗುತ್ತದೆ. ದಿನಕ್ಕೆ 8ರಿಂದ 24 ಗಂಟೆಗಳ ಕಾಲ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಇದನ್ನು ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಶಿಫಾರಸು ಮಾಡಿದೆ. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯ ಆಸ್ಪತ್ರೆ ಮತ್ತು ಮನೆಗಳಲ್ಲಿ ಈ ವಿಧಾನವನ್ನು ವ್ಯಾಪಕವಾಗಿ ಅಳವಡಿಸುವ ಕಾರ್ಯ ನಡೆದಿದೆ. ತಾಯಿಗೆ ವಿಶ್ರಾಂತಿ ಬೇಕಾದಾಗ ತಂದೆ, ಅಜ್ಜಿ ಅಥವಾ ಮನೆಯ ಇತರ ಆರೋಗ್ಯವಂತ ಸದಸ್ಯರೂ ಈ ಆರೈಕೆ ನೀಡಬಹುದು. ಇಂತಹ ಶಿಶುವಿಗೆ ವೈದ್ಯರು ಹೇಳುವವರೆಗೆ ಎಣ್ಣೆಸ್ನಾನ ಮಾಡಿಸಬಾರದು.

ಮಗುವಿಗೆ ಚಳಿಯೋ ಸೆಕೆಯೋ ತಿಳಿಯುವ ಬಗೆ

ಕೈಯ ಹಿಂಭಾಗದಿಂದ ಮಗುವಿನ ಹೊಟ್ಟೆ ಮತ್ತು ಅಂಗಾಲನ್ನು ಮುಟ್ಟಿ ನೋಡಬೇಕು.

- ಹೊಟ್ಟೆ ಬೆಚ್ಚಗೆ, ಅಂಗಾಲು ಬೆಚ್ಚಗೆ ಮತ್ತು ನಸುಗೆಂಪು: ಮಗು ಹಿತವಾಗಿದೆ.
- ಹೊಟ್ಟೆ ಬೆಚ್ಚಗೆ, ಅಂಗಾಲು ತಣ್ಣಗೆ: ಚಳಿಯ ಒತ್ತಡ. ಒದ್ದೆ ಬಟ್ಟೆ ತೆಗೆದು, ಎದೆಗೆ ಅಪ್ಪಿಕೊಂಡು, ಹಾಲುಣಿಸಿ, ಒಂದು ಪದರ ಹೆಚ್ಚಿಸಬೇಕು.
- ಹೊಟ್ಟೆ ಮತ್ತು ಅಂಗಾಲು ಎರಡೂ ತಣ್ಣಗೆ: ಉಷ್ಣತೆ ಕುಸಿದಿದೆ. ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಕೊಂಡೇ ಕೂಡಲೇ ಆಸ್ಪತ್ರೆಗೆ ಹೋಗಬೇಕು.
- ಕುತ್ತಿಗೆ ಮತ್ತು ಬೆನ್ನು ಬೆವರಿ, ಮುಖ ಕೆಂಪಾಗಿ, ಉಸಿರು ವೇಗವಾಗಿದ್ದಲ್ಲಿ: ಸೆಕೆಯಾಗಿದೆ. ಒಂದು ಪದರ ತೆಗೆದು ಹಾಲುಣಿಸಿ, ಅರ್ಧ ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು.

ಕಂಕುಳಿನ ಉಷ್ಣತೆಯು 35.5 ಡಿಗ್ರಿಗಿಂತ ಕಡಿಮೆ ಇದ್ದಲ್ಲಿ ಅಥವಾ ಹೊದಿಕೆ ಸಡಿಲಿಸಿದ ನಂತರವೂ 37.5 ಡಿಗ್ರಿ ಮೀರಿದ್ದಲ್ಲಿ ಅದು ಸೋಂಕಿನ ಲಕ್ಷಣವಿರಬಹುದು. ಹಾಲು ಕುಡಿಯದಿರುವುದು, ಅತಿಯಾದ ಮಂಪರು, ಎದೆ ಗುಳಿಬೀಳುವ ಉಸಿರಾಟ, ಫಿಟ್ಸ್, ಅಂಗೈ ಅಂಗಾಲು ಹಳದಿಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡಬಾರದು.

ದೊರೆಯುವ ಸೌಲಭ್ಯಗಳು

ಆಶಾ ಕಾರ್ಯಕರ್ತೆಯು ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಡಿ, ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಭೇಟಿ ನೀಡುತ್ತಾರೆ. ಮನೆಯಲ್ಲಿ ಹೆರಿಗೆಯಾದಲ್ಲಿ ಮೊದಲ ದಿನದ ಭೇಟಿಯೂ ಸೇರುತ್ತದೆ. ಅವರ ಬಳಿ ಉಷ್ಣಮಾಪಕ ಮತ್ತು ತೂಕದ ಯಂತ್ರ ಇರುತ್ತವೆ. ಮಗುವನ್ನು ಸುತ್ತುವ ಕ್ರಮವನ್ನು ಅವರಿಂದ ಪ್ರತ್ಯಕ್ಷವಾಗಿ ಕಲಿಯಬಹುದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ (2011) ಸರ್ಕಾರಿ ಆಸ್ಪತ್ರೆಗಳಲ್ಲಿ ಅನಾರೋಗ್ಯಪೀಡಿತ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ ಮತ್ತು ಸಾಗಣೆ ಉಚಿತ. ರಾಜ್ಯದಲ್ಲಿ 2007ರಲ್ಲಿ ಆರಂಭವಾದ ಮಡಿಲು ಯೋಜನೆಯಡಿ ಬಡ ಕುಟುಂಬದ ಬಾಣಂತಿಯರಿಗೆ ಸೊಳ್ಳೆಪರದೆ, ಹೊದಿಕೆ, ಮಗುವಿನ ಸ್ವೆಟರ್, ಟೋಪಿ ಮತ್ತು ಕಾಲುಚೀಲಗಳಿದ್ದ ಕಿಟ್ ವಿತರಿಸಲಾಗುತ್ತಿತ್ತು. ಶಿಶುವನ್ನು ಬೆಚ್ಚಗಿಡುವುದು ಆರೋಗ್ಯ ಸೇವೆಯ ಭಾಗವೆಂಬ ತಿಳಿವಳಿಕೆ ಅದರ ಹಿಂದಿತ್ತು.

ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿಂದ ಹೆಚ್ಚಿನ ಚಿಕಿತ್ಸೆಗಾಗಿ ಕಾರವಾರಕ್ಕೆ ಕಳುಹಿಸಿದಾಗ, ಭಟ್ಕಳದಿಂದ ನೂರು ಕಿ.ಮೀ. ಮೀರಿದ ಪ್ರಯಾಣವಾಗುತ್ತದೆ. ಆ ದಾರಿಯಲ್ಲಿ ಶಿಶು ತಣ್ಣಗಾಗದಂತೆ ಕಾಯುವುದು ಚಿಕಿತ್ಸೆಯಷ್ಟೇ ಮುಖ್ಯ. 108 ಆಂಬುಲೆನ್ಸ್‌ನಲ್ಲಿ ಮಗುವನ್ನು ತಾಯಿಯ ಅಥವಾ ಬಂಧುವಿನ ಎದೆಗೆ ಚರ್ಮ ತಾಗುವಂತೆ ಇರಿಸಿ, ಟೋಪಿ ತೊಡಿಸಿ, ಇಬ್ಬರನ್ನೂ ಸೇರಿಸಿ ಒಣ ಹೊದಿಕೆ ಹೊದಿಸಬೇಕು. ಮಗುವಿನ ಮುಖ ಕಾಣುತ್ತಿರಬೇಕು.

ಸಾರಾಂಶ

1. ಹತ್ತಿಯ, ತೆಳುವಾದ, ಒಗೆದು ಪೂರ್ಣ ಒಣಗಿಸಿದ ಹೊದಿಕೆಯೇ ಕರಾವಳಿಯ ಶಿಶುವಿಗೆ ಸೂಕ್ತ.
2. ದೊಡ್ಡವರಿಗಿಂತ ಒಂದು ಪದರ ಹೆಚ್ಚು. ಅದಕ್ಕಿಂತ ಹೆಚ್ಚು ಬೇಡ.
3. ಮುಖ ಸದಾ ತೆರೆದಿರಲಿ. ಮಗು ಅಂಗಾತ ಮಲಗಲಿ.
4. ಹೊಗೆ, ಕೆಂಡ ಮತ್ತು ನುಸಿಗುಳಿಗೆಯಿಂದ ಶಿಶುವನ್ನು ದೂರವಿಡಬೇಕು.
5. ತಣ್ಣಗಾದ ಮಗುವಿಗೆ ಮೊದಲ ಆಸರೆ ತಾಯಿಯ ಎದೆ. ಹೊದಿಕೆ ಅದಕ್ಕೆ ಪೂರಕ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಅಂಗನವಾಡಿ ಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು.